ತೋಟೆ ಇಲ್ಲ ಅಂತ ಅಂಗಡಿಯವನನ್ನು ಬೈದರೆ ಆಯಿತಾ?

ಸಂಪಾದಕರೇ, ನಮಸ್ಕಾರ.

ಕಳೆದ ವಾರ ಇದೇ ಜಾಗದಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಕೋವಿ ಅಂಗಡಿಯವರು 12 ಬೋರ್ ತೋಟೆ (ಕೋವಿಗೆ ಹಾಕುವ ಕಾರ್ಟ್ರಿಜ್; ಬೋರ್ ಅಂದರೆ ನಳಿಗೆಯ ಅಳತೆ) ಬಚ್ಚಿಟ್ಟು ರೇಟು ಏರಿಸುತ್ತಿದ್ದಾರೆ, ಅವರ ಮೇಲೆ ದಾಳಿ ಮಾಡಿ ಅಂತ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನೂ ಒಬ್ಬ ಸಣ್ಣ ಕಾಫಿ ಬೆಳೆಗಾರ, ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇದೆ, ಅಂಗಡಿಗೆ ಹೋದರೆ "ಮಾಲು ಬಂದಿಲ್ಲ, ಮುಂದಿನ ತಿಂಗಳು ನೋಡಿ" ಅನ್ನುವ ಉತ್ತರ ನನಗೂ ಬಾಯಿಪಾಠ ಆಗಿದೆ. ಸಿಕ್ಕಿದಾಗ ರೇಟು ಹೋದ ಸಲಕ್ಕಿಂತ ಜಾಸ್ತಿ. ಆದರೆ ಅಂಗಡಿಯವನ ಮೇಲೆ ಹರಿಹಾಯ್ದರೆ ವಿಷಯ ಅಲ್ಲಿಗೇ ನಿಂತುಬಿಡುತ್ತದೆ. ತೋಟೆ ಎಲ್ಲಿ ತಯಾರಾಗುತ್ತದೆ, ಮಾಡುವವರು ಮೊದಲು ಯಾರಿಗೆ ಕೊಡುತ್ತಾರೆ, ನಮ್ಮ ಸರದಿ ಬರುವುದು ಯಾವಾಗ, ಇದನ್ನು ಯಾರೂ ಕೇಳುತ್ತಲೇ ಇಲ್ಲ.

ಇನ್ನೊಂದು. ಕೋವಿ ಅಂಗಡಿ ಅಂದರೆ ದಿನಸಿ ಅಂಗಡಿ ಅಲ್ಲ. ಬಂದ ಮಾಲು, ಹೋದ ಮಾಲು, ಯಾರಿಗೆ ಎಷ್ಟು ತೋಟೆ ಕೊಟ್ಟರು ಎಲ್ಲವೂ ರಿಜಿಸ್ಟರ್‌ನಲ್ಲಿ ಇರಬೇಕು. ಅಧಿಕಾರಿಗಳು ಬಂದು ಎಣಿಸಬಹುದು. ಬಚ್ಚಿಡುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಎಣಿಸಿ ನೋಡಲಿ, ತಪ್ಪಿದ್ದರೆ ಕ್ರಮ ಆಗಲಿ. ಆದರೆ ಗೋದಾಮೇ ಖಾಲಿ ಇದ್ದಾಗ ದಾಳಿ ಮಾಡಿದವರಿಗೆ ಏನು ಸಿಗುತ್ತದೆ ಹೇಳಿ.

ಹೊರಜಿಲ್ಲೆಯವರು ಈ ಪತ್ರ ಓದಿದರೆ ಇವರಿಗೆ ತೋಟೆ ಯಾಕಪ್ಪಾ ಅಂದುಕೊಳ್ಳಬಹುದು. ಕೊಡಗಿನಲ್ಲಿ ಕೋವಿ ಶೋಕಿಯ ವಸ್ತು ಅಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ ಸಿಕ್ಕ ವಿನಾಯಿತಿ ಸ್ವಾತಂತ್ರ್ಯ ಬಂದ ಮೇಲೂ, 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಉಳಿದುಕೊಂಡಿದೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ಬೇಕಿಲ್ಲ, ವಿನಾಯಿತಿ ಪತ್ರ ಸಾಕು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ಸುಗ್ಗಿಯ ಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗುಂಡು, ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಬೇಟೆಯ ಮಾತು ಬೇಡ, ಅದು 1972ರ ವನ್ಯಜೀವಿ ಕಾಯ್ದೆಯಲ್ಲೇ ನಿಂತಿದೆ, ನಿಲ್ಲಬೇಕಾದ್ದೇ. ಗದ್ದೆಗೆ ಇಳಿದ ಹಂದಿ ಹಿಂಡನ್ನು ಹೆದರಿಸಿ ಓಡಿಸಲು ಒಂದು ಶಬ್ದ ಬೇಕು, ಅಷ್ಟೇ.

ಇಷ್ಟೆಲ್ಲ ವಿನಾಯಿತಿ ಸಿಕ್ಕಿರುವುದು ಕೋವಿಗೆ. ಅದರ ಹೊಟ್ಟೆಗೆ ಹಾಕುವ ತೋಟೆಗೆ ಮಾತ್ರ ನಾವು ದೇಶದ ಎಲ್ಲರ ಜತೆ ಸಾಲಿನಲ್ಲಿ ನಿಲ್ಲಬೇಕು, ಅದೂ ಸಾಲಿನ ಕೊನೆಯಲ್ಲಿ.

ಆ ಸಾಲು ಶುರುವಾಗುವುದು ಪುಣೆ ಪಕ್ಕದ ಖಡಕಿಯಲ್ಲಿ. ಅಂಗಡಿಯಲ್ಲಿ ನಾವು ಕೇಳುವ ಕೆಎಫ್ ತೋಟೆ, ಶಕ್ತಿಮಾನ್ ತೋಟೆ ಎಲ್ಲ ಅಲ್ಲಿಯದು. 1869ರಿಂದ ಇರುವ ಮದ್ದುಗುಂಡಿನ ಕಾರ್ಖಾನೆ ಅದು. ನಮ್ಮ 12 ಬೋರ್, ಉತ್ತರದವರು ಜಾಸ್ತಿ ಬಳಸುವ .315 ರೈಫಲ್, .32 ರಿವಾಲ್ವರ್, ಹೀಗೆ ಜನಸಾಮಾನ್ಯರ ಕೋವಿಗಳಿಗೆ ಗುಂಡು ಮಾಡಿಕೊಡುತ್ತಾ ಬಂದಿದೆ. ಆದರೆ ಅದು ಜನಸಾಮಾನ್ಯರಿಗಾಗಿ ಕಟ್ಟಿದ ಕಾರ್ಖಾನೆ ಅಲ್ಲ, ಸೈನ್ಯಕ್ಕಾಗಿ ಕಟ್ಟಿದ್ದು. ಸೈನ್ಯದ ಕೆಲಸ ಮುಗಿದು ಕೈ ಬಿಡುವಾದಾಗ ನಮ್ಮದು.

2021ರ ಅಕ್ಟೋಬರ್ 1ರಂದು ಸರ್ಕಾರ ಇಂಥ ಸೈನ್ಯದ ಕಾರ್ಖಾನೆಗಳನ್ನು ನಡೆಸುತ್ತಿದ್ದ ಹಳೆಯ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಮುಚ್ಚಿ 41 ಕಾರ್ಖಾನೆಗಳನ್ನು ಏಳು ಕಂಪನಿಗಳಿಗೆ ಹಂಚಿತು. ಮದ್ದುಗುಂಡಿನ 12 ಕಾರ್ಖಾನೆಗಳು ಮ್ಯುನಿಷನ್ಸ್ ಇಂಡಿಯಾ ಅನ್ನುವ ಕಂಪನಿಗೆ ಹೋದವು, ಖಡಕಿಯೂ ಅದರಲ್ಲಿ ಒಂದು. ಮೊದಲು ಅದು ಇಲಾಖೆ, ಸೈನ್ಯಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನುವ ಲೆಕ್ಕದಲ್ಲಿ ಕೊಡುತ್ತಿತ್ತು. ಈಗ ಕಂಪನಿ. ಲಾಭ ತೋರಿಸಬೇಕು, ಆರ್ಡರ್ ಹಿಡಿಯಬೇಕು, ರಫ್ತು ಮಾಡಬೇಕು. ಏಳೂ ಕಂಪನಿಗಳು ಶುರುವಾಗುವಾಗಲೇ ಸುಮಾರು 65,000 ಕೋಟಿ ರೂಪಾಯಿಯ ಸೈನ್ಯದ ಆರ್ಡರ್‌ಗಳನ್ನು ಕೈಗೆ ಕೊಟ್ಟೇ ಕಳಿಸಿದ್ದರು. ದೇಶದ ರಕ್ಷಣಾ ರಫ್ತು 2024-25ರಲ್ಲಿ 23,622 ಕೋಟಿ ಮುಟ್ಟಿದೆ. ಒಳ್ಳೆಯದೇ. ಆದರೆ ಒಂದು ಕ್ಷಣ ಆ ಕಂಪನಿಯ ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತು ನೋಡಿ. ಒಂದು ಕಡೆ ಫಿರಂಗಿಯ ಶೆಲ್ಲಿಗೆ ಹೊರದೇಶದ ಆರ್ಡರ್, ಇನ್ನೊಂದು ಕಡೆ ಸೇನೆಯ ತುರ್ತು ಪಟ್ಟಿ, ಮೂರನೇ ಕಡೆ ಗೋಣಿಕೊಪ್ಪದವನಿಗೆ ಹತ್ತು ತೋಟೆ. ಯಾವ ಫೈಲು ಮೇಲೆ ಬರುತ್ತದೆ?

ಸೈನ್ಯ ಮೊದಲು ಅನ್ನುವುದಕ್ಕೆ ಕೊಡಗಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಕಾರ್ಯಪ್ಪ, ತಿಮ್ಮಯ್ಯ ಅವರ ಊರಿನವರು ನಾವು, ಮಿಲಿಟರಿ ಪಿಂಚಣಿ ಬರುವ ಮನೆ ಪ್ರತಿ ಊರಿನಲ್ಲೂ ಇದೆ. ಕಾರ್ಗಿಲ್‌ನಲ್ಲಿ 1999ರಲ್ಲಿ ಬೋಫೋರ್ಸ್ ಫಿರಂಗಿಯ ಶೆಲ್ ಸಾಲದೆ ಹೊರಗಿನಿಂದ ತರಿಸಬೇಕಾಯಿತು. 2017ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬಂತಲ್ಲ, ಸೇನೆಯ 152 ಬಗೆಯ ಮದ್ದುಗುಂಡಿನಲ್ಲಿ 61 ಬಗೆ ಹತ್ತು ದಿನದ ಯುದ್ಧಕ್ಕೂ ಸಾಲದು ಅಂತ. ಆಗ ನನಗೂ ಹೊಟ್ಟೆ ಉರಿದಿತ್ತು. ಗಡಿಯಲ್ಲಿ ಇರುವವನ ಮ್ಯಾಗಜಿನ್ ಖಾಲಿ ಇಟ್ಟು ನನ್ನ ಕೈಲ್‌ಪೊಳ್ದ್‌ಗೆ ತೋಟೆ ಕೊಡಿ ಅಂತ ಕೇಳುವಷ್ಟು ಬುದ್ಧಿಗೇಡಿ ನಾನಲ್ಲ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ ಜಬಲ್‌ಪುರದ ಖಮರಿಯಾ ಕಾರ್ಖಾನೆಯಲ್ಲಿ, ಮಹಾರಾಷ್ಟ್ರದ ಚಾಂದಾ ಕಾರ್ಖಾನೆಯಲ್ಲಿ ನೌಕರರ ರಜೆ ರದ್ದು ಮಾಡಿದರು ಅಂತ ಪತ್ರಿಕೆಯಲ್ಲಿ ಓದಿದಾಗ ಸರಿಯಾಗಿಯೇ ಮಾಡಿದರು ಅನ್ನಿಸಿತು. ನನ್ನ ತಕರಾರು ಬೇರೆ.

ಸೈನ್ಯದಿಂದ ನಿವೃತ್ತರಾಗಿ ಬಂದು ಈಗ ಮೆಣಸು ಬೆಳೆಯುವ ನಮ್ಮ ಪಕ್ಕದ ತೋಟದ ಅಣ್ಣನೊಬ್ಬರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಸೈನ್ಯದವರು ಹೊಡೆಯುವುದು 5.56, 7.62 ಎಂಎಂ ಅಳತೆಯ ರೈಫಲ್ ಗುಂಡು. ನಾವು ಹೊಡೆಯುವುದು 12 ಬೋರ್. ಮಾಡುವ ಯಂತ್ರವೇ ಬೇರೆ. ಅವರಿಗೆ ಜಾಸ್ತಿ ಬೇಕಾದರೆ ನಮ್ಮದು ಯಾಕೆ ಕಡಿಮೆ ಆಗಬೇಕು?

ಯಂತ್ರ ಬೇರೆ ಹೌದು. ಆದರೆ ತೋಟೆ ಅಂದರೆ ಬರೀ ಯಂತ್ರ ಅಲ್ವಲ್ಲ. ಒಂದು ತೋಟೆ ಬಿಚ್ಚಿ ನೋಡಿದರೆ (ದಯವಿಟ್ಟು ಬಿಚ್ಚಬೇಡಿ) ಕೆಳಗೆ ಹಿತ್ತಾಳೆ, ಅದರ ನಡುವೆ ಬಡಿದರೆ ಕಿಡಿ ಹಾರುವ ಕೇಪು, ಒಳಗೆ ಹೊಗೆ ಬಾರದ ಮದ್ದು, ಮೇಲೆ ಮದ್ದನ್ನು ಒತ್ತಿ ಹಿಡಿಯುವ ಬಿರಡೆ, ಅದರ ಮೇಲೆ ಸೀಸದ ಸಣ್ಣ ಗುಂಡುಗಳು, ಅಂದರೆ ಚರೆ. ರೈಫಲ್ ಗುಂಡಿಗೂ ಹಿತ್ತಾಳೆ ಬೇಕು, ಕೇಪು ಬೇಕು, ಮದ್ದು ಬೇಕು, ಸೀಸ ಬೇಕು. ಆಕಾರ ಬೇರೆ, ಅಡುಗೆ ಸಾಮಾನು ಒಂದೇ. ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ತಾಮ್ರ. ಮದ್ದಿಗೆ ಬೇಕಾದ ನೈಟ್ರೋಸೆಲ್ಯುಲೋಸ್ ಮಾಡುವುದು ಹತ್ತಿಬೀಜಕ್ಕೆ ಅಂಟಿದ ಸಣ್ಣ ನಾರಿನಿಂದ. ಬರೀ ಸೀಸ ಮೆತ್ತಗೆ, ಅದನ್ನು ಗಟ್ಟಿ ಮಾಡಲು ಆಂಟಿಮೊನಿ ಸೇರಿಸುತ್ತಾರೆ. ಕೇಪಿನ ಒಳಗಿನ ಪುಡಿಗೂ ಆಂಟಿಮೊನಿ ಬೇಕು. ಇವುಗಳಲ್ಲಿ ಯಾವುದೋ ಒಂದು ಕಡಿಮೆ ಬಿದ್ದರೆ ಯಂತ್ರ ಎಷ್ಟಿದ್ದರೇನು, ಸುಮ್ನೆ ನಿಂತಿರುತ್ತದೆ.

ಮದ್ದಿನ ಊರು ನಮಗೆ ದೂರವೂ ಅಲ್ಲ. ನೀಲಗಿರಿಯಲ್ಲಿ ಕೂನೂರಿನ ಪಕ್ಕ ಅರುವಂಕಾಡು ಇದೆಯಲ್ಲ, ಊಟಿಗೆ ಪುಟ್ಟ ರೈಲಿನಲ್ಲಿ ಹೋದವರು ಆ ಸ್ಟೇಷನ್ ನೋಡಿರುತ್ತೀರಿ. ಅಲ್ಲಿನ ಕಾರ್ಡೈಟ್ ಕಾರ್ಖಾನೆ ನೂರಿಪ್ಪತ್ತು ವರ್ಷದಿಂದ ಮದ್ದು ಮಾಡುತ್ತಿದೆ. ಅದೂ ಈಗ ಮ್ಯುನಿಷನ್ಸ್ ಇಂಡಿಯಾದ್ದೇ. ರೈಫಲ್ ಗುಂಡಿಗೆ ಹಿಡಿಯುವ ಮದ್ದು ಚಮಚದ ಲೆಕ್ಕ, ಫಿರಂಗಿಯ 155 ಎಂಎಂ ಶೆಲ್ಲನ್ನು ದೂರಕ್ಕೆ ತಳ್ಳಲು ಹಿಡಿಯುವ ಮದ್ದು ಕಿಲೋ ಲೆಕ್ಕ. ಹಾಗಾಗಿ ಫಿರಂಗಿ ಮಾತಾಡಲು ಶುರು ಮಾಡಿದರೆ ಪ್ರಪಂಚದ ಎಲ್ಲ ಮದ್ದಿನ ಕಾರ್ಖಾನೆಯೂ ಅದರ ಕಡೆಗೇ ತಿರುಗುತ್ತದೆ.

2022ರಲ್ಲಿ ಆದದ್ದು ಅದೇ. ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಅಮೆರಿಕದವರು ಅದಕ್ಕೆ ಮೊದಲು ತಿಂಗಳಿಗೆ 14,000 ಚಿಲ್ಲರೆ 155 ಎಂಎಂ ಶೆಲ್ ಮಾಡುತ್ತಿದ್ದರು, ಅದನ್ನು ಒಂದು ಲಕ್ಷಕ್ಕೆ ಏರಿಸುತ್ತೇವೆ ಅಂತ ಹೊರಟರು. ಯುರೋಪಿನವರು ಒಂದು ವರ್ಷದೊಳಗೆ ಹತ್ತು ಲಕ್ಷ ಶೆಲ್ ಕೊಡುತ್ತೇವೆ ಅಂತ 2023ರ ಮಾರ್ಚ್‌ನಲ್ಲಿ ಮಾತು ಕೊಟ್ಟರು, ಹೇಳಿದ ಗಡುವಿಗೆ ಕೊಡಲಾಗಲಿಲ್ಲ. ದುಡ್ಡು ಇಲ್ಲದೆ ಅಲ್ಲ, ಮದ್ದು ಮತ್ತು ಸ್ಫೋಟಕ ಸಾಲದೆ. ಹತ್ತಿನಾರಿಗೆ ಯುರೋಪಿನವರು ಚೀನಾವನ್ನು ನಂಬಿಕೊಂಡಿದ್ದರು ಅನ್ನುವುದು ಆಗ ಅವರಿಗೇ ಗಾಬರಿ ಹುಟ್ಟಿಸಿತು. 2024ರಲ್ಲಿ ಅಮೆರಿಕದ ವಿಸ್ಟಾ ಔಟ್‌ಡೋರ್ ಕಂಪನಿ, ಫೆಡರಲ್ ಮತ್ತು ರೆಮಿಂಗ್ಟನ್ ತೋಟೆಗಳು ಆಗ ಅವರದ್ದೇ, ಪ್ರಪಂಚದಲ್ಲಿ ಮದ್ದಿಗೆ ಅಭಾವ ಇದೆ ಅಂತ ವ್ಯಾಪಾರಿಗಳಿಗೆ ಪತ್ರ ಬರೆದು ರೇಟು ಏರಿಸಿತು. ಬಾತುಕೋಳಿ ಹೊಡೆಯುವವನ ತೋಟೆಗೂ ಉಕ್ರೇನಿನ ಫಿರಂಗಿಗೂ ಏನು ಸಂಬಂಧ ಅಂತ ಕೇಳುವವರಿಗೆ ಇದೇ ಉತ್ತರ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಚೀನಾ ಆಂಟಿಮೊನಿ ರಫ್ತಿಗೆ ಕಡಿವಾಣ ಹಾಕಿತು, ಡಿಸೆಂಬರಿನಲ್ಲಿ ಅಮೆರಿಕಕ್ಕೆ ಪೂರ್ತಿ ನಿಲ್ಲಿಸಿತು. ಆಂಟಿಮೊನಿ ರೇಟು ಒಂದೇ ವರ್ಷದಲ್ಲಿ ಎರಡು ಪಟ್ಟಿಗೂ ಮೀರಿ ಹೋಯಿತು. ತಾಮ್ರ 2024ರ ಮೇನಲ್ಲಿ ಟನ್ನಿಗೆ 10,000 ಡಾಲರ್ ದಾಟಿತ್ತು.

ಇದೆಲ್ಲ ಕಾಫಿ ಬೆಳೆಯುವವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ವಿಯೆಟ್ನಾಮಿನಲ್ಲಿ ಮಳೆ ಕೈಕೊಟ್ಟರೆ ನಮ್ಮ ಸಿದ್ದಾಪುರದ ರೋಬಸ್ಟಾ ಚೀಲಕ್ಕೆ ರೇಟು ಏರುತ್ತದೆ, ನಾವು ಅಲ್ಲಿಗೆ ಹೋಗಿ ನೋಡಿದ್ದೇವಾ? ಕಾಫಿ ರೇಟು ಏರಿದಾಗ ಯಾರೂ ಪತ್ರ ಬರೆಯುವುದಿಲ್ಲ, ಅದು ಬೇರೆ ಮಾತು!

ಇಲ್ಲಿ ಇನ್ನೊಂದು ವಿಷಯ ಇದೆ, ನನ್ನ ಪ್ರಕಾರ ಇದೇ ಮುಖ್ಯ. ಅಮೆರಿಕದಲ್ಲಿ ಸೈನ್ಯದ ಗುಂಡನ್ನೇ ಜನರೂ ಹೊಡೆಯುತ್ತಾರೆ. ಅಲ್ಲಿ ಮಿಸೌರಿಯಲ್ಲಿ ಲೇಕ್ ಸಿಟಿ ಅಂತ ಸೈನ್ಯದ ಒಂದು ದೊಡ್ಡ ಕಾರ್ಖಾನೆ ಇದೆ. ಜಾಗ, ಕಟ್ಟಡ ಸರ್ಕಾರದ್ದು, ನಡೆಸುವವರು ಖಾಸಗಿಯವರು, 2020ರ ಅಕ್ಟೋಬರ್‌ನಿಂದ ವಿಂಚೆಸ್ಟರ್. ವರ್ಷಕ್ಕೆ ನೂರು ಕೋಟಿಗೂ ಮೀರಿ ಗುಂಡು ಮಾಡುವ ಶಕ್ತಿ ಇದೆ. ಸೈನ್ಯಕ್ಕೆ ಬೇಡಿಕೆ ಕಡಿಮೆ ಇದ್ದಾಗ ಯಂತ್ರ ಸುಮ್ನೆ ಬಿಡುವ ಬದಲು ಗುಂಡು ಮಾಡಿ ಜನರಿಗೆ ಮಾರುತ್ತಾರೆ. ಆಗ ರೇಟು ಇಳಿಯುತ್ತದೆ. ಸೈನ್ಯ ಜಾಸ್ತಿ ಕೇಳಿದರೆ ಅಂಗಡಿಗೆ ಬರುವುದು ಕಡಿಮೆ ಆಗುತ್ತದೆ, ರೇಟು ಏರುತ್ತದೆ. ಏರಿಕೆಯೂ ಇದೆ, ಇಳಿಕೆಯೂ ಇದೆ.

ನಮ್ಮಲ್ಲಿ ಸೈನ್ಯದ ಬೋರು ಜನರಿಗೆ ನಿಷೇಧ. ಆ ಕಾರಣಕ್ಕೇ .303 ಬದಲು .315 ಅಂತ ಬೇರೆ ರೈಫಲ್ ಮಾಡಿಕೊಟ್ಟರು. ನಿಷೇಧ ಸರಿ, ಅದನ್ನು ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಆದರೆ ಅದರ ಫಲ ನೋಡಿ. ಸೈನ್ಯದವರಲ್ಲಿ ಹೆಚ್ಚಾದ ಗುಂಡು ಒಂದೂ ನಮ್ಮ ಕಡೆ ಹರಿಯುವುದಿಲ್ಲ. ಅವರಿಗೆ ಕಡಿಮೆ ಬಿದ್ದಾಗ ಮಾತ್ರ ಅದರ ಬಿಸಿ ನಮಗೆ ತಟ್ಟುತ್ತದೆ. ಸೈನ್ಯವೂ ತನ್ನ ಬೋರು ಬದಲಾಯಿಸುತ್ತಿದೆ. ಇನ್ಸಾಸ್ ರೈಫಲ್‌ನ 5.56 ಇತ್ತು, ಈಗ ಅಮೇಠಿಯ ಕೊರ್ವಾದಲ್ಲಿ ಎಕೆ-203 ಮಾಡುತ್ತಿದ್ದಾರೆ, ಆರು ಲಕ್ಷಕ್ಕೂ ಜಾಸ್ತಿ ರೈಫಲ್, ಅದಕ್ಕೆ 7.62ರ ಗಿಡ್ಡ ಗುಂಡು. ಅಮೆರಿಕದಿಂದ ತಂದ ಸಿಗ್ ರೈಫಲಿಗೆ 7.62ರ ಉದ್ದ ಗುಂಡು. ಗುಂಡು ಬದಲಾದರೆ ಕಾರ್ಖಾನೆಯಲ್ಲಿ ಅಚ್ಚು, ಯಂತ್ರ, ಪರೀಕ್ಷೆ, ಕೆಲಸಗಾರರ ತರಬೇತಿ ಎಲ್ಲ ಹೊಸದಾಗಿ ಆಗಬೇಕು. ದುಡ್ಡು ಮತ್ತು ಗಮನ ಎರಡೂ ಅಲ್ಲಿಗೆ ಹೋಗುವುದು ಸಹಜ. ನಮ್ಮ 12 ಬೋರ್ ಮೂಲೆಯಲ್ಲಿ.

ಹೊರದೇಶದ್ದು ತರಿಸಿಕೊಳ್ಳೋಣ ಅಂದರೆ ಅದೂ ನಮ್ಮಂಥವರಿಗೆ ಆಗುವ ಕೆಲಸ ಅಲ್ಲ. ರಾಷ್ಟ್ರಮಟ್ಟದ ಶೂಟರ್‌ಗಳಿಗೆ, ರೈಫಲ್ ಸಂಸ್ಥೆಗಳಿಗೆ ದಾರಿ ಇದೆ. ಗದ್ದೆಯಲ್ಲಿ ಹಂದಿ ಕಾಯುವವನಿಗೆ ಇಲ್ಲ.

ಖಾಸಗಿಯವರು ಬಂದಿದ್ದಾರಲ್ಲ ಅಂತ ಕೆಲವರು ಹೇಳುತ್ತಾರೆ. ಬಂದಿದ್ದಾರೆ. 2024ರ ಫೆಬ್ರವರಿಯಲ್ಲಿ ಕಾನ್ಪುರದಲ್ಲಿ ಅದಾನಿಯವರ ದೊಡ್ಡ ಕಾರ್ಖಾನೆ ಶುರುವಾಯಿತು, ಸುಮಾರು 500 ಎಕರೆ, ವರ್ಷಕ್ಕೆ 15 ಕೋಟಿ ಸಣ್ಣ ಗುಂಡು ಮಾಡುತ್ತೇವೆ, ದೇಶದ ಬೇಡಿಕೆಯ ಕಾಲು ಭಾಗ ಅಂತ ಅವರೇ ಹೇಳಿದ್ದಾರೆ. ಆದರೆ ಆ ಬೇಡಿಕೆ ಅಂದರೆ ಸೇನೆ, ಅರೆಸೇನೆ, ಪೊಲೀಸ್. ಖಾಸಗಿಯವನೂ ದೊಡ್ಡ ಗಿರಾಕಿ ಇರುವ ಕಡೆಗೇ ಹೋಗುತ್ತಾನೆ, ಅದರಲ್ಲಿ ಆಶ್ಚರ್ಯ ಏನಿದೆ. ಒಂದು ಲಾಭ ಮಾತ್ರ ಆಗಬಹುದು. ಸೈನ್ಯದ ಭಾರ ಅವರು ಒಂದಿಷ್ಟು ಹೊತ್ತರೆ ಖಡಕಿಯವರ ಕೈ ನಮಗೆ ಬಿಡುವಾಗಬಹುದು. ಅದೂ ಯಾರಾದರೂ ಬೆನ್ನು ಹತ್ತಿದರೆ ಮಾತ್ರ. ತಾನಾಗಿ ಆಗುವುದಿಲ್ಲ.

ಇನ್ನೂ ಒಂದು ಸುದ್ದಿ ಇದೆ. ಇಷ್ಟು ದಿನ 12 ಬೋರ್ ಅಂದರೆ ರೈತರದ್ದು, ಬ್ಯಾಂಕಿನ ಬಾಗಿಲಲ್ಲಿ ಕೂರುವ ಸೆಕ್ಯುರಿಟಿಯವರದ್ದು ಅಂತ ಇತ್ತು. ಗಡಿ ಕಾಯುವ ಬಿಎಸ್‌ಎಫ್‌ನವರು ಪಂಪ್ ಆಕ್ಷನ್ ಕೋವಿ ಬಳಸುತ್ತಾರೆ, ಕಾಶ್ಮೀರದಲ್ಲಿ ಸಿಆರ್‌ಪಿಎಫ್ ಪೆಲೆಟ್ ಬಳಸಿದ್ದು ಎಲ್ಲರಿಗೂ ಗೊತ್ತು, ಅದು 12 ಬೋರೇ. ಆದರೂ ಅದು ಸೈನ್ಯದ ಮುಖ್ಯ ಸರಕು ಆಗಿರಲಿಲ್ಲ. ಈಗ ಉಕ್ರೇನಿನಲ್ಲಿ ಎರಡೂ ಕಡೆಯ ಸೈನಿಕರು ಸಣ್ಣ ಡ್ರೋನ್ ತಲೆ ಮೇಲೆ ಬಂದರೆ ಹೊಡೆಯುವುದು ಯಾವುದರಿಂದ ಗೊತ್ತೇ? ನಮ್ಮದೇ 12 ಬೋರ್ ಕೋವಿಯಿಂದ, ಚರೆ ತೋಟೆಯಿಂದ. ಹಾರುವ ಹಕ್ಕಿಗೆ ಹೊಡೆಯಲು ಮಾಡಿದ ಕೋವಿ ಹಾರುವ ಡ್ರೋನಿಗೂ ಸರಿಹೊಂದಿತು. ಬೆನೆಲ್ಲಿಯಂಥ ಇಟಲಿಯ ಕಂಪನಿ ಡ್ರೋನ್ ಹೊಡೆಯಲೆಂದೇ ಕೋವಿ ತಯಾರು ಮಾಡಿದೆ. ನಾಳೆ ನಮ್ಮ ಸೇನೆಯೂ ಪ್ರತಿ ತುಕಡಿಗೆ ಇಂತಿಷ್ಟು 12 ಬೋರ್ ಬೇಕು ಅಂದರೆ? ಈವರೆಗೆ ಸಾಮಾನು ಮಾತ್ರ ಹಂಚಿಕೊಳ್ಳುತ್ತಿದ್ದೆವು, ಆಮೇಲೆ ತೋಟೆಯನ್ನೇ ಹಂಚಿಕೊಳ್ಳಬೇಕಾಗುತ್ತದೆ. ಆ ಮೊದಲೇ ನಮ್ಮ ಪಾಲು ಎಷ್ಟು ಅಂತ ಕಾಗದದ ಮೇಲೆ ಇರಬೇಕು.

ಪಾಲು ಅಂದಾಗ ನೆನಪಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಜನರಿಗೆ ಕೋವಿ ಗುಂಡು ಮಾಡುವುದನ್ನೇ 1942ರಲ್ಲಿ ನಿಲ್ಲಿಸಿಬಿಟ್ಟಿದ್ದರು. ಪೂರ್ತಿ ಯುದ್ಧ, ಕಾರು ಮಾಡುವುದನ್ನೂ ನಿಲ್ಲಿಸಿದ ಕಾಲ ಅದು. ಅಂಥ ಹೊತ್ತಿನಲ್ಲೂ ಸ್ವಲ್ಪ ಸಮಯದ ನಂತರ ಬೆಳೆ ಮತ್ತು ದನಕರು ಕಾಯಬೇಕಾದ ರೈತರಿಗೆ ಇಂತಿಷ್ಟು ತೋಟೆ ಅಂತ ರೇಷನ್ ಲೆಕ್ಕದಲ್ಲಿ ಕೊಟ್ಟರು. ಕೊಟ್ಟದ್ದು ಕಡಿಮೆಯೇ ಇರಬಹುದು, ಆದರೆ ಎಷ್ಟು ಸಿಗುತ್ತದೆ ಅಂತ ರೈತನಿಗೆ ಗೊತ್ತಿತ್ತು. ನನ್ನ ತಕರಾರು ಇಷ್ಟೇ. ಕಡಿಮೆ ಕೊಡಿ, ತಡವಾಗಿ ಕೊಡಿ, ಆದರೆ ಎಷ್ಟು, ಯಾವಾಗ, ಯಾವ ರೇಟಿಗೆ ಅಂತ ಮೊದಲೇ ಹೇಳಿ.

ಇದಕ್ಕೆ ದೊಡ್ಡ ಕಾನೂನು ತಿದ್ದುಪಡಿ ಏನೂ ಬೇಕಿಲ್ಲ. ಮ್ಯುನಿಷನ್ಸ್ ಇಂಡಿಯಾ ಸರ್ಕಾರದ ಕಂಪನಿ, ರಕ್ಷಣಾ ಸಚಿವಾಲಯದ ಕೈಕೆಳಗೆ ಇದೆ. ವರ್ಷದ ಆರಂಭದಲ್ಲಿ ಜನರಿಗೆ ಮಾರುವ ತೋಟೆ ಕನಿಷ್ಠ ಇಷ್ಟು ಮಾಡುತ್ತೇವೆ ಅಂತ ಗುರಿ ಇಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ಯಾವ ರಾಜ್ಯಕ್ಕೆ ಎಷ್ಟು ಪೆಟ್ಟಿಗೆ ಹೋಯಿತು, ಕಾರ್ಖಾನೆ ಬಾಗಿಲಿನ ರೇಟು ಎಷ್ಟು ಅಂತ ಎಲ್ಲರ ಕಣ್ಣಿಗೆ ಬೀಳುವ ಹಾಗೆ ವೆಬ್‌ಸೈಟಿನಲ್ಲಿ ಹಾಕಲಿ. ಕಾರ್ಖಾನೆ ರೇಟು ಗೊತ್ತಿದ್ದರೆ ಅಂಗಡಿಯವನು ಎಷ್ಟು ಮೇಲಿಟ್ಟು ಮಾರುತ್ತಿದ್ದಾನೆ ಅಂತ ನಮಗೇ ಗೊತ್ತಾಗುತ್ತದೆ, ದಾಳಿಯೂ ಬೇಡ, ಬೈಗುಳವೂ ಬೇಡ. ಕಳೆದ ವಾರದ ಪತ್ರ ಬರೆದವರು ಕೇಳಬೇಕಾದ್ದು ಇದನ್ನೇ ಅಂತ ನನ್ನ ಅನಿಸಿಕೆ. ಯುದ್ಧದ ಪರಿಸ್ಥಿತಿ ಬಂದರೆ ಇಂತಿಷ್ಟು ತಿಂಗಳು ಜನರಿಗೆ ಮಾರಾಟ ಇಲ್ಲ ಅಂತ ಪ್ರಕಟಣೆ ಕೊಟ್ಟುಬಿಡಲಿ, ನಾವು ಅರ್ಥ ಮಾಡಿಕೊಳ್ಳುತ್ತೇವೆ. ಏನೂ ಹೇಳದೆ ಇದ್ದಾಗಲೇ ಕಾಳಸಂತೆ ಹುಟ್ಟುವುದು.

ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿನಾಯಿತಿ ಪತ್ರ ಎಷ್ಟು ಕೊಟ್ಟಿದ್ದಾರೆ ಅನ್ನುವ ಲೆಕ್ಕ ಇದೆ. ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ ಬರುತ್ತದೆ, ಪುತ್ತರಿ ನವೆಂಬರ್ ಅಥವಾ ಡಿಸೆಂಬರ್ ಹುಣ್ಣಿಮೆಗೆ. ಪ್ರತಿ ವರ್ಷವೂ ಬರುವ ಹಬ್ಬ, ಮಧ್ಯರಾತ್ರಿ ಬಾಗಿಲು ತಟ್ಟುವ ನೆಂಟ ಅಲ್ಲ. ಜೂನ್ ಹೊತ್ತಿಗೇ ಜಿಲ್ಲೆಗೆ ಇಂತಿಷ್ಟು ಬೇಕಾಗುತ್ತದೆ ಅಂತ ಒಂದು ಪತ್ರ ಪುಣೆಗೆ ಹೋದರೆ ಏನು ಗಂಟು ಹೋಗುತ್ತದೆ? ನಮ್ಮ ಸಂಸದರು, ಶಾಸಕರು ಕೈಲ್‌ಪೊಳ್ದ್ ದಿನ ಕೋವಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಕೋವಿಯಲ್ಲಿ ತೋಟೆ ಇದೆಯಾ ಅಂತಲೂ ಒಮ್ಮೆ ನೋಡಲಿ.

ನಮ್ಮವರಿಗೂ ಎರಡು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ತೋಟೆ ಬಂದಿದೆ ಅಂತ ವಾಟ್ಸಾಪಿನಲ್ಲಿ ಸುದ್ದಿ ಬಂದ ಕೂಡಲೇ ಇಡೀ ಊರು ಅಂಗಡಿ ಮುಂದೆ ನಿಂತು, ಬೇಕೋ ಬೇಡವೋ, ಪುಸ್ತಕದಲ್ಲಿ ಕೊಳ್ಳಲು ಎಷ್ಟು ಅನುಮತಿ ಬರೆದಿದೆಯೋ ಅಷ್ಟನ್ನೂ ಒಂದೇ ಸಲ ಎತ್ತಿಕೊಂಡು ಹೋಗುವ ಅಭ್ಯಾಸ ಶುರುವಾಗಿದೆ. ಅಮೆರಿಕದಲ್ಲಿ 2020ರಲ್ಲಿ ಆದದ್ದೂ ಇದೇ. ಕೊರೊನಾ ಹೆದರಿಕೆ, ಗಲಭೆ ಹೆದರಿಕೆ, ಚುನಾವಣೆ ಹೆದರಿಕೆ, ಎಲ್ಲ ಸೇರಿ ಜನ ಮುಗಿಬಿದ್ದರು, ರೆಮಿಂಗ್ಟನ್ ಕಂಪನಿ ಅದೇ ಹೊತ್ತಿಗೆ ದಿವಾಳಿ ಎದ್ದಿತ್ತು, 9 ಎಂಎಂ ಗುಂಡಿನ ರೇಟು ಮೂರು ಪಟ್ಟು ಆಯಿತು. ಸೈನ್ಯ ಅಲ್ಲ, ಜನರೇ ಜನರ ತೋಟೆ ಖಾಲಿ ಮಾಡಿದರು. ಮೇಲಾಗಿ ಕೊಡಗಿನ ಮಳೆಯಲ್ಲಿ ಕೂಡಿಟ್ಟು ಏನು ಸುಖ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ನೀರು ಬಿಡುತ್ತದೆ. ಅಟ್ಟದ ಮೇಲೆ ಇಟ್ಟ ಹಳೆಯ ಕಾಗದದ ತೋಟೆ ಉಬ್ಬಿ ನಳಿಗೆಗೇ ಇಳಿಯುವುದಿಲ್ಲ, ಇಳಿದದ್ದು ಹಾರುವುದಿಲ್ಲ. ಹಾರದ ತೋಟೆಯನ್ನು ತಕ್ಷಣ ತೆಗೆಯಲು ಹೋಗಿ ಕೈ ಕಳೆದುಕೊಳ್ಳುವುದು ಬೇಡ, ನಳಿಗೆ ದೂರಕ್ಕೆ ತಿರುಗಿಸಿ ಹಿಡಿದು ಸ್ವಲ್ಪ ಹೊತ್ತು ಕಾಯಿರಿ.

ಎರಡನೆಯದು ಇನ್ನೂ ಅಪಾಯದ್ದು. ತೋಟೆ ಸಿಗದಿದ್ದಾಗ ಹಳೆಯ ಕೇಸಿಗೆ ಮನೆಯಲ್ಲೇ ಮದ್ದು ತುಂಬಿಕೊಡುತ್ತೇವೆ ಅನ್ನುವವರು ಅಲ್ಲಲ್ಲಿ ಹುಟ್ಟಿಕೊಳ್ಳುತ್ತಾರೆ. ಕಾನೂನಿಗೆ ವಿರುದ್ಧ ಅನ್ನುವುದು ಒಂದು ಕಡೆ. ಯಾವ ಮದ್ದು, ಎಷ್ಟು ಮದ್ದು ಅಂತ ತಿಳಿಯದೆ ತುಂಬಿದ ತೋಟೆ ಅಜ್ಜನ ಕಾಲದ ನಳಿಗೆಯನ್ನು ಸೀಳಿಬಿಡುತ್ತದೆ, ಹಿಡಿದವನ ಎಡಗೈ ಅದರ ಜತೆಗೇ ಹೋಗುತ್ತದೆ. ಸಿಗದಿದ್ದರೆ ಪಟಾಕಿ ಹೊಡೆಯಿರಿ. ಪುತ್ತರಿಗೆ ಪಟಾಕಿ ಅಂದರೆ ಹಿರಿಯರು ಮುಖ ಗಂಟು ಹಾಕುತ್ತಾರೆ, ನನಗೂ ಇಷ್ಟ ಇಲ್ಲ, ಆದರೂ ಕೈ ಇರಬೇಕಲ್ವಾ ಮುಂದಿನ ವರ್ಷ ಕೋವಿ ಹಿಡಿಯಲು.

ನಾನಂತೂ ಸುಮ್ನೆ ಪತ್ರ ಬರೆದು ಕೂರುವುದಿಲ್ಲ. ಮ್ಯುನಿಷನ್ಸ್ ಇಂಡಿಯಾಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದೇನೆ. 2021ರ ಅಕ್ಟೋಬರ್‌ನಿಂದ ಈಚೆಗೆ ವರ್ಷವಾರು 12 ಬೋರ್ ತೋಟೆ ಎಷ್ಟು ತಯಾರಾಯಿತು, ಅದರಲ್ಲಿ ಪೊಲೀಸ್ ಮತ್ತು ಅರೆಸೇನೆಗೆ ಎಷ್ಟು, ವ್ಯಾಪಾರಿಗಳಿಗೆ ಎಷ್ಟು, ಕರ್ನಾಟಕಕ್ಕೆ ಎಷ್ಟು ಬಂತು, ಪ್ರತಿ ವರ್ಷದ ಕಾರ್ಖಾನೆ ರೇಟು ಏನು ಅಂತ. ಅರ್ಜಿ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ನಮ್ಮ ಜಿಲ್ಲೆಯ ಬೆಳೆಗಾರರ ಸಂಘದವರು, ಮಾಜಿ ಸೈನಿಕರ ಸಂಘದವರು ಇದೇ ಪ್ರಶ್ನೆಗಳನ್ನು ತಮ್ಮ ಲೆಟರ್‌ಹೆಡ್‌ನಲ್ಲಿ ರಕ್ಷಣಾ ಸಚಿವಾಲಯಕ್ಕೆ ಬರೆದರೆ ಇನ್ನೂ ತೂಕ ಬರುತ್ತದೆ. ಉತ್ತರ ಬಂದ ಕೂಡಲೇ ನಿಮಗೆ ಕಳಿಸುತ್ತೇನೆ, ಆ ಅಂಕಿಗಳನ್ನು ಇದೇ ಜಾಗದಲ್ಲಿ ಹಾಕಿ.

ಇತಿ,
ಒಬ್ಬ ಕಾಫಿ ಬೆಳೆಗಾರ
ಪೊನ್ನಂಪೇಟೆ ತಾಲ್ಲೂಕು, ಕೊಡಗು